ಆರೂವರೆಯ ಉಂಡೊ

ಗೆರ್ಟ್ರೂಡ್ ಬಾಯಿಯ ಉಂಡೊಗೆ ಆಯುಷ್ಯ ಮೂವತ್ತೈದು ನಿಮಿಷ. ಓವನ್ನಿನಿಂದ ತೆಗೆದ ಗಳಿಗೆಯಿಂದ ಲೆಕ್ಕ. ಅಷ್ಟರೊಳಗೆ ತಿಂದರೆ ಹೊರಗಿನ ಸಿಪ್ಪೆ ಹಲ್ಲಿಗೆ ಕುರುಕುರು ಎನ್ನುತ್ತದೆ, ಒಳಗಿನಿಂದ ಬಿಸಿ ಚೀಸು ಎಳೆ ಎಳೆಯಾಗಿ ಬರುತ್ತದೆ. ತಡಮಾಡಿದರೆ ಸೈಕಲ್ ಟ್ಯೂಬು. ಮರುದಿನಕ್ಕೆ ಉಳಿದರೆ ಮಾವಿನ ಮರಕ್ಕೆ ಹೊಡೆಯಲು ಬೇರೆ ಕಲ್ಲು ಬೇಡ. ಈ ಮೂವತ್ತೈದು ನಿಮಿಷಕ್ಕಾಗಿ ಆಕೆ ಒಂದು ಕಂಪನಿಯ ಎದುರು ನಿಂತರು. ನಿಂತದ್ದನ್ನು ನಾನು ನಾಲ್ಕನೇ ಮಾಳಿಗೆಯ ಕಿಟಕಿಯಿಂದ ನೋಡಿದೆ. ಕೆಳಗೆ ಇಳಿದು ಹೋಗದೆ ಕಿಟಕಿಯಿಂದ ಯಾಕೆ ನೋಡಿದೆ ಎಂಬುದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಬಾಯಿ ಶಿರ್ವದ ಕಡೆಯವರು. ಗಂಡ ಸ್ಟ್ಯಾನಿಸ್ಲಾಸ್ ಇಲ್ಲಿ ಇಂಗ್ಲಿಷರ ದೇಶದ ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದು, ಮಂಡಿ ಸವೆದ ಮೇಲೆ ಮನೆಯಲ್ಲಿ ಕೂತವರು. ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರಿಗೆ ಬಾಯಿ, ಗಂಡಸರಿಗೆ ಪೊರ್ಬುಗಳು ಎನ್ನುವುದು ರೂಢಿ, ನಾನೂ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆ. ಕ್ರೋಯ್ಡನ್ನಿನ ಆಚೆ ನ್ಯೂ ಆಡಿಂಗ್ಟನ್ನಿನಲ್ಲಿ ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಕಟ್ಟಿಸಿದ ಬ್ಲಾಕಿನಲ್ಲಿ ಅವರದು ಒಂದು ಫ್ಲಾಟು, ನನ್ನ ಮಗಳದು ಇನ್ನೊಂದು. ನಾನು ಕಾಪುವಿನಿಂದ ಮಗಳ ಮನೆಗೆ ಬಂದು ಮೂರು ವಾರವಾಗಿತ್ತು. ಒಂದು ದಿನ ಲಿಫ್ಟು ನಡುವೆ ನಿಂತಿತು. ಒಳಗಿದ್ದ ಇನ್ನೊಬ್ಬ ಹೆಂಗಸು ಗುಂಡಿ ಒತ್ತಿ ಒತ್ತಿ ಸಾಕಾಗಿ, “ಇದರ ಮನೆ ಹಾಳಾಗ!” ಎಂದರು. ಅಚ್ಚ ಕನ್ನಡ. ಅವರೇ ಬಾಯಿ. ಲಿಫ್ಟು ಸರಿಯಾಗುವ ಹೊತ್ತಿಗೆ ನಾವು ಒಬ್ಬರ ಹುಟ್ಟೂರು ಇನ್ನೊಬ್ಬರು ಕೇಳಿ ಮುಗಿಸಿದ್ದೆವು.

ನನಗೆ ಕೆಲಸ ಕೊಡಿಸಿದ್ದೂ ಅವರೇ. ತೊಂಬತ್ತಾರನೇ ಇಸವಿ, ನನಗಾಗ ಐವತ್ತೇಳು.

“ಅಕ್ಕ, ಸಂಜೆ ಮೂರು ಮೂರು ಗಂಟೆ ಟಿವಿ ಎದುರು ಕೂತು ಎಂತ ಮಾಡ್ತೀರಿ? ನನ್ನೊಟ್ಟಿಗೆ ಬನ್ನಿ. ಆಫೀಸಿನ ಕಸದ ಬುಟ್ಟಿ ಖಾಲಿ ಮಾಡುದು, ಮೇಜು ಒರೆಸುದು.”

“ನನಗೆ ಇಂಗ್ಲಿಷ್ ಬರುದಿಲ್ಲ ಮಾರಾಯ್ತಿ. ನಾನು ಆರನೇ ಕ್ಲಾಸು.”

“ಮೇಜಿಗೆ ಎಂತ ಇಂಗ್ಲಿಷ್?”

ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನ ಹತ್ತಿರ ಐದು ಮಾಳಿಗೆಯ ಆಫೀಸು. ಸಂಜೆ ಐದರಿಂದ ಎಂಟು. ಎಂಟಕ್ಕೆ ಅಲಾರಮ್ ಹಾಕುತ್ತಾರೆ, ಅಷ್ಟರೊಳಗೆ ಎಲ್ಲ ಮುಗಿಯಬೇಕು. ನಡುವೆ ಆರೂವರೆಗೆ ಹತ್ತು ನಿಮಿಷ ಬಿಡುವು. ಹಿಂದಿನ ಬಾಗಿಲಿನ ಹೊರಗೆ ಕಸದ ದೊಡ್ಡ ಡಬ್ಬಿಗಳ ಪಕ್ಕ ಒಂದು ಮೋಟು ಗೋಡೆ ಇತ್ತು. ಆರು ಮಂದಿ ಅದರ ಮೇಲೆ ಸಾಲಾಗಿ ಕೂರುತ್ತಿದ್ದೆವು. ಬಾಯಿ, ನಾನು, ಘಾನಾ ದೇಶದ ಅಕ್ಕತಂಗಿ ಇಬ್ಬರು, ಕಲಬುರಗಿ ಕಡೆಯ ಜಗದೇವಪ್ಪ, ಮತ್ತೆ ಕೊಲಂಬಿಯಾದ ಲುಸ್ ಮರೀನಾ. ಲುಸ್ ಬೆಳಿಗ್ಗೆ ಐದಕ್ಕೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ನಮ್ಮಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಅವಳು ಕೂರುತ್ತಿದ್ದದ್ದು ಆ ಗೋಡೆಯ ಮೇಲೆ ಮಾತ್ರ. ಆ ಹತ್ತು ನಿಮಿಷ ಸಣ್ಣದು ಎಂದು ಹೇಳುವವರು ನಿಂತು ಕೆಲಸ ಮಾಡಿದವರಲ್ಲ.

ಲುಸ್ ಬಂದದ್ದು ತೊಂಬತ್ತೆಂಟರಲ್ಲಿ. ಅವಳು ಮೇಜಿಗೆ ‘ಮೇಸ’ ಎನ್ನುತ್ತಿದ್ದಳು, ಸಾಬೂನಿಗೆ ‘ಹಬೋನ್’. ಒರೆಸುವವರಿಗೆ ಅಷ್ಟು ಸಾಕು. ಬಾಯಿಯನ್ನು ‘ಗೆರ್ಟ್ರೂಡಿಸ್’ ಎಂದು ಕರೆದಳು, ಇಬ್ಬರೂ ಕುತ್ತಿಗೆಯ ಶಿಲುಬೆ ಹೊರಗೆ ತೆಗೆದು ತೋರಿಸಿಕೊಂಡರು, ಸ್ನೇಹವಾಯಿತು. ಒಂದು ಭಾನುವಾರ ಇಗರ್ಜಿ ಮುಗಿಸಿ ಲುಸ್ ಬಾಯಿಯ ಮನೆಗೆ ಬಂದಳು. ಕೈಯಲ್ಲಿ ಹಿಟ್ಟಿನ ಪೊಟ್ಟಣ, ಚೀಸು, ಎರಡು ಮೊಟ್ಟೆ. ಬಾಯಿಯ ಓವನ್ನಿನಲ್ಲೇ ತಮ್ಮೂರಿನ ಚೀಸಿನ ರೊಟ್ಟಿ ಪಾಂದೆಬೋನೊ ಸುಟ್ಟಳು. ಬಳೆಯ ಹಾಗೆ ಕೆಲವು, ಉಂಡೆಯ ಹಾಗೆ ಕೆಲವು. ನಾನೂ ಅಲ್ಲಿದ್ದೆ. ಹಿಟ್ಟನ್ನು ಬಾಯಿ ಬೆರಳಲ್ಲಿ ಉಜ್ಜಿ ನೋಡಿ, “ಅಕ್ಕ, ಇದು ನಮ್ಮ ಮರಗೆಣಸು!” ಎಂದು ಕೂಗಿದರು. ಹೌದು, ಮರಗೆಣಸಿನ ಹಿಟ್ಟು. ನನ್ನ ಅಮ್ಮ ಅದನ್ನು ಕಾಸಿ ಸೀರೆಗೆ ಗಂಜಿ ಹಾಕುತ್ತಿದ್ದಳು. ಸೀರೆಗೆ ಹಾಕುವುದನ್ನು ಇವರು ರೊಟ್ಟಿ ಮಾಡುತ್ತಾರೆ ಎಂದು ನಾನು ನಕ್ಕೆ. ಒಂದು ತಿಂದ ಮೇಲೆ ನಗಲಿಲ್ಲ.

ಬಾಯಿಗೆ ಅದನ್ನು ತಾನೇ ಮಾಡಬೇಕೆಂಬ ಹಟ ಹಿಡಿಯಿತು. ಸರ್ರೆ ಸ್ಟ್ರೀಟ್ ಸಂತೆಯ ಆಫ್ರಿಕಾದವರ ಅಂಗಡಿಯಲ್ಲಿ ಹಿಟ್ಟು ಸಿಕ್ಕಿತು. ಹಿಟ್ಟು, ಚೀಸು, ಮೊಟ್ಟೆ ಎಲ್ಲ ಕಲಸಿದರು. ಆಮೇಲೆ ಶಿರ್ವದ ಕೈ ಸುಮ್ಮನಿರಲಿಲ್ಲ. ಅವರ ಕಡೆ ಕ್ರಿಸ್ಮಸ್ಸಿಗೆ ಅಕ್ಕಿ ಹಿಟ್ಟಿಗೆ ಕಳ್ಳು ಹಾಕಿ ರಾತ್ರಿಯಿಡೀ ಉಬ್ಬಲು ಬಿಟ್ಟು, ಹಬೆಯಲ್ಲಿ ಬೇಯಿಸಿ ಸಾನ್ನಾಂ ಮಾಡುತ್ತಾರೆ. ಉಬ್ಬುವ ತಿಂಡಿ ಎಂದಮೇಲೆ ಹುಳಿ ಬರಿಸದೆ ಹೇಗೆ ಉಬ್ಬುತ್ತದೆ? ಕಳ್ಳಿಗೆ ಬದಲು ಯೀಸ್ಟು ಹಾಕಿ, ಬಟ್ಟೆ ಮುಚ್ಚಿ, ಹೀಟರಿನ ಪಕ್ಕ ಬೆಳಗಿನವರೆಗೆ ಇಟ್ಟರು. ಬೆಳಿಗ್ಗೆ ಪಾತ್ರೆಯಲ್ಲಿ ಅಂಟು. ವಾಸನೆಗೆ ಪೊರ್ಬುಗಳು ಕಿಟಕಿ ತೆರೆದರಂತೆ. ಆದರೂ ಬಿಸಾಡುವ ಮನಸ್ಸಾಗದೆ ಸುಟ್ಟರು. ಚಪ್ಪಲಿ ಅಟ್ಟೆ ಬಂತು.

“ನನಗೆ ಎಂಟನೇ ನಂಬ್ರ ಆಗ್ತದೆ. ಇನ್ನೊಂದು ಕಾಲಿಗೂ ಮಾಡು,” ಎಂದರು ಪೊರ್ಬುಗಳು.

ಲುಸ್‌ಗೆ ತೋರಿಸಿದಾಗ ಅವಳು ಗೋಡೆಯಿಂದ ಬೀಳುವ ಹಾಗೆ ನಕ್ಕಳು. ಕೈಗಡಿಯಾರ ತೋರಿಸಿ, ಬೇಗ ಬೇಗ ಎಂದು ಕೈ ಆಡಿಸಿದಳು. ಕಲಸು, ಉಂಡೆ ಕಟ್ಟು, ಸುಡು. ಕಾಯಬೇಡ. ಉಬ್ಬಿಸುವುದು ಬೆಂಕಿಯೇ, ಹುಳಿಯಲ್ಲ. ಬಾಯಿ ನಾಲ್ಕು ಭಾನುವಾರ ಅವಳ ಕೈ ನೋಡಿದರು. ಲುಸ್‌ಳ ಊರಿನ ಉಪ್ಪು ಚೀಸು ಇಲ್ಲಿ ಸಿಗುವುದಿಲ್ಲ. ಬಾಯಿ ಹಾಲು ಒಡೆಸಿ, ಉಪ್ಪು ಬೆರೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಊರಿಂದ ತಂದ ಅರೆಯುವ ಕಲ್ಲಿನ ಗುಂಡು ಇಟ್ಟು ತಾವೇ ಮಾಡಿಕೊಂಡರು. ಅದೊಂದೇ ಹಾಕಿದರೆ ಕರಗುವುದಿಲ್ಲವೆಂದು ಅರ್ಧಕ್ಕರ್ಧ ತುರ್ಕಿಯವರ ಅಂಗಡಿಯ ಚೀಸು. ಒಂದು ಹಿಡಿ ಮೆಕ್ಕೆಜೋಳದ ಹಿಟ್ಟು. ಹಿಟ್ಟು ಅಂಗೈ ಬಿಟ್ಟು ಬರುವವರೆಗೆ ಹಾಲು, ಮತ್ತೆ ಒಂದು ಹನಿಯೂ ಬೇಡ. ಐದನೇ ಭಾನುವಾರ ಲುಸ್ ಒಂದು ಮುರಿದು ತಿಂದಳು. ಕಣ್ಣಲ್ಲಿ ನೀರು. ಬಾಯಿ ಗಾಬರಿಯಾಗಿ, “ಉಪ್ಪು ಹೆಚ್ಚಾಯ್ತಾ?” ಎಂದು ಕೇಳಿದರು, ಕನ್ನಡದಲ್ಲೇ.

ಪಾಂದೆಬೋನೊ ಎಂಬ ಹೆಸರು ನಾಲಿಗೆಗೆ ಉದ್ದವಾಯಿತೆಂದು ಬಾಯಿ ಅದಕ್ಕೆ ಉಂಡೊ ಎಂದೇ ಹೆಸರಿಟ್ಟರು. ಅವರ ಕೊಂಕಣಿಯಲ್ಲಿ ಬೇಕರಿಯ ಗುಂಡು ರೊಟ್ಟಿಗೆ ಇರುವ ಹೆಸರು.

ಆದರೆ ಆರೂವರೆಯ ಗೋಡೆಗೆ ಅದನ್ನು ಬಿಸಿಯಾಗಿ ತರುವುದು ಹೇಗೆ? ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಎರಡು ಸಾವಿರನೇ ಇಸವಿಯ ಮೇ ತಿಂಗಳಲ್ಲಿ ಟ್ರಾಮು ಬಂತು. ನಮ್ಮ ಬ್ಲಾಕಿನಿಂದ ಈಸ್ಟ್ ಕ್ರೋಯ್ಡನ್ನಿಗೆ ಹತ್ತೊಂಬತ್ತು ನಿಮಿಷ. ಪೊರ್ಬುಗಳು ರೈಲ್ವೆ ವಾಚು ಹಿಡಿದು ಮೂರು ಸಲ ಹೋಗಿ ಬಂದು ಕಾಗದದಲ್ಲಿ ಬರೆದುಕೊಂಡರು. ಬಾಯಿ ಕೆಲಸಕ್ಕೆ ಹೊರಡುವ ಮೊದಲು ಉಂಡೆ ಕಟ್ಟಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ಇಡುವುದು. ಪೊರ್ಬುಗಳು ಐದು ಐವತ್ತಕ್ಕೆ ಓವನ್ನಿಗೆ ಹಾಕುವುದು, ಆರು ಐದಕ್ಕೆ ತೆಗೆಯುವುದು, ಬಿಸ್ಕತ್ತಿನ ಡಬ್ಬಿಗೆ ತುಂಬಿ ಹಳೆಯ ಸ್ವೆಟರಿನಲ್ಲಿ ಸುತ್ತುವುದು, ಆರು ಒಂಬತ್ತರ ಟ್ರಾಮು ಹಿಡಿಯುವುದು. ಆರೂವರೆಗೆ ಗೋಡೆ, ಆರು ನಲವತ್ತಕ್ಕೆ ಡಬ್ಬಿ ಖಾಲಿ. ಲೆಕ್ಕ ಸರಿಯಾಗಿ ಮೂವತ್ತೈದು.

ಮೊದಲ ದಿನ ಮಂಡಿ ನೋವಿನ ಮನುಷ್ಯ ಡಬ್ಬಿಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಕುಂಟುತ್ತಾ ಬಂದದ್ದು ಇನ್ನೂ ಕಣ್ಣಿಗಿದೆ. “ತಿನ್ನಿ, ತಿನ್ನಿ, ಮಾತು ಆಮೇಲೆ!” ಎಂದು ಅವಸರ ಮಾಡಿದರು.

ಜಗದೇವಪ್ಪ ಒಂದನ್ನು ತಿರುಗಿಸಿ ನೋಡಿದ. “ಏನ್ರೀ ಬಾಯಾರ, ಇದಕ್ಕ ರೊಟ್ಟಿ ಅಂತೀರಿ? ನಮ್ಮವ್ವ ನೋಡಿದ್ರ ಗೋಲಿ ಆಡಾಕ ಕೊಡ್ತಿದ್ಲು.”

“ಬೇಡದಿದ್ರೆ ಇಲ್ಲಿ ಕೊಡಿ.”

“ಬ್ಯಾಡ ಅಂತ ಯಾರಂದ್ರು?” ಎನ್ನುತ್ತಾ ಮೂರು ತಿಂದ.

ಮೂರು ವರ್ಷ ಹೀಗೆ ನಡೆಯಿತು. ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ ನಮ್ಮ ಕೆಲಸವನ್ನು ಬೇರೊಂದು ಕಂಪನಿ ವಹಿಸಿಕೊಂಡಿತು. ಹೊಸ ಸೂಪರ್‌ವೈಸರ್ ಚಂದ್ರಶೇಖರ್, ಬೆಂಗಳೂರಿನ ಹುಡುಗ, ನನ್ನ ಅಳಿಯನ ವಯಸ್ಸು. ನಾವು ಲಿಫ್ಟಿನಲ್ಲಿ ಮಾತಾಡುವುದು ಕೇಳಿ, “ಅಯ್ಯೋ ಆಂಟಿ, ನೀವು ಕನ್ನಡದೋರಾ!” ಎಂದು ಕುಣಿದ. ಮೊದಲ ವಾರ ನಮ್ಮ ಜೊತೆ ಗೋಡೆಯ ಮೇಲೆ ಕೂತು ಉಂಡೊ ತಿಂದ. ಎರಡನೇ ವಾರ ನೋಟೀಸು ಅಂಟಿಸಿದ. ಮೂರು ತಾಸಿನ ಪಾಳಿಗೆ ಬಿಡುವಿಲ್ಲ. ಕಟ್ಟಡದ ಜಾಗದಲ್ಲಿ ಆಹಾರ ಕೂಡದು. ಹೊರಗಿನವರು ಹಿಂದಿನ ಬಾಗಿಲಿಗೆ ಬರಕೂಡದು. ಮೂರು ಸಲ ತಪ್ಪಿದರೆ ಕೆಲಸ ಇಲ್ಲ.

“ನಾನೇನ್ ಮಾಡ್ಲಿ ಆಂಟಿ, ಮೇಲಿಂದ ಬಂದಿದೆ. ಕಾನೂನಲ್ಲೂ ಇಲ್ಲ. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಹೊತ್ತು ಕೆಲಸ ಇದ್ರೆ ಮಾತ್ರ ಬ್ರೇಕು.”

“ಕಾನೂನಿಗೆ ಕಾಲುನೋವು ಉಂಟಾ?” ಎಂದರು ಬಾಯಿ. “ನಾವು ಕೂತದ್ದು ಕಾನೂನನ್ನು ಕೇಳಿ ಅಲ್ಲ. ಎಂಟಕ್ಕೆ ನಿಮ್ಮ ಐದು ಮಾಳಿಗೆ ಚೊಕ್ಕ ಇರ್ತದಾ ಇಲ್ವಾ?”

“ಇರತ್ತೆ.”

“ಮತ್ತೆಂತ?”

“ರೂಲ್ಸು ಆಂಟಿ.”

ಆ ದಿನ ಆರೂವರೆಗೆ ಬಾಯಿ ಒರೆಸುವ ಬಟ್ಟೆ ಮಡಚಿ ಮೇಜಿನ ಮೂಲೆಯಲ್ಲಿಟ್ಟು ಕೆಳಗೆ ಹೋದರು. ನಾವೂ ಹೋದೆವು. ಪೊರ್ಬುಗಳು ಡಬ್ಬಿ ತಂದಿದ್ದರು. ಚಂದ್ರಶೇಖರ್ ದೂರದಿಂದ ನೋಡಿದ. ಮರುದಿನ ಒಂದು ಕಾಗದ ಬಂತು, ಬಾಯಿಯ ಹೆಸರಿಗೆ ಮಾತ್ರ. ಡಬ್ಬಿ ಅವರದಲ್ಲವೇ. ಎರಡನೇ ಕಾಗದ ಮುಂದಿನ ಸೋಮವಾರ. ಅದರ ಕೆಳಗೆ ಒಂದು ಸಾಲು: ಜೊತೆಗೆ ಕೂರುವವರಿಗೂ ಇದೇ ಕ್ರಮ.

ಮರುದಿನದಿಂದ ನಾವು ಐವರೂ ಗೋಡೆಗೆ ಹೋಗಲಿಲ್ಲ. ಲುಸ್‌ಳ ಕಾಗದಪತ್ರ ಇನ್ನೂ ಸರ್ಕಾರದ ಮೇಜಿನ ಮೇಲಿತ್ತು, ಕೆಲಸ ಹೋದರೆ ಅವಳಿಗೆ ಏನೂ ಇಲ್ಲ. ಘಾನಾದ ಅಕ್ಕತಂಗಿಯರಿಗೆ ಮಕ್ಕಳು. ಜಗದೇವಪ್ಪನಿಗೆ ಅವನ ಕಾರಣ. ನನಗೆ ಏನಿತ್ತು? ಮಗಳ ಮನೆಯಲ್ಲಿ ಊಟವಿತ್ತು, ಹಾಸಿಗೆಯಿತ್ತು. ಕಳೆದುಕೊಳ್ಳಲು ಎಲ್ಲರಿಗಿಂತ ಕಡಿಮೆ ಇದ್ದವಳು ನಾನು. ಆದರೂ ಹೋಗಲಿಲ್ಲ. ಯಾರೋ ದೊಡ್ಡವರು ಬರೆದ ಕಾಗದ ಎಂದರೆ ಶಾಲೆಯ ಮಾಸ್ತರರ ಬೆತ್ತದ ಹಾಗೆ ನನಗೆ. ನಾನು ನಾಲ್ಕನೇ ಮಾಳಿಗೆಯ ಕಿಟಕಿಯ ಬಳಿ ಅದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಾ ನಿಂತೆ. ಕೆಳಗೆ ಬಾಯಿ ಒಬ್ಬರೇ ಗೋಡೆಯ ಮೇಲೆ. ಪಕ್ಕದಲ್ಲಿ ಪೊರ್ಬುಗಳು, ನಡುವೆ ಡಬ್ಬಿ. ಆರು ಮಂದಿಗೆ ಆಗುವಷ್ಟು ತುಂಬಿದ ಡಬ್ಬಿ. ಕಡಿಮೆ ಮಾಡಿ ತರಲಿಲ್ಲ ಅವರು.

ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ನಡೆದಿತ್ತು.

“ಮೂವತ್ತು ವರ್ಷ ರೈಲ್ವೆಯಲ್ಲಿ ಒಂದು ಮೆಮೊ ತೆಗೊಂಡವನಲ್ಲ ನಾನು,” ಎಂದರು ಪೊರ್ಬುಗಳು ನನ್ನ ಎದುರೇ. “ಇವಳಿಗೆ ಎರಡು ವಾರದಲ್ಲಿ ಎರಡು!”

“ಹಾಗಾದ್ರೆ ನಾಳೆ ಡಬ್ಬಿ ತರಬೇಡಿ.”

“ಯಾಕೆ ತರಬಾರ್ದು? ಮೆಮೊ ಬಂದದ್ದು ನಿನಗೆ. ಟ್ರಾಮು ತಪ್ಪಿಸುದು ಬೇರೆ ವಿಷಯ.”

“ಬಾಯಿ, ಹೊಟ್ಟೆಗೆ ಮನೆಯಲ್ಲೇ ತಿಂದು ಬರಬಹುದಲ್ಲ,” ಎಂದೆ ನಾನು, ಮೆಲ್ಲಗೆ.

ಬಾಯಿ ಚೀಸಿನ ಗಂಟು ಹಿಂಡುತ್ತಿದ್ದರು. ತಲೆ ಎತ್ತಲಿಲ್ಲ. “ಹೊಟ್ಟೆಗೆ ಅಲ್ಲ ಅಕ್ಕ. ನಾವು ಒರೆಸುವ ಕುರ್ಚಿ ಎಷ್ಟು ಉಂಟು? ನೂರಾ ನಲವತ್ತು. ಒಂದರ ಮೇಲೂ ಕೂತವರಲ್ಲ. ಕೂರುದು ಒಂದು ಗೋಡೆಯ ಮೇಲೆ, ಹತ್ತು ನಿಮಿಷ. ಅದನ್ನೂ ತೆಗೆಯುದಾ? ಕೊಡುದಿಲ್ಲ ನಾನು.”

ಮೂರನೆಯ ಕಾಗದ ಗುರುವಾರ. ನಾನು ಕಿಟಕಿಯಿಂದ ನೋಡಿದೆ. ಮಾತು ಕೇಳಿಸಲಿಲ್ಲ, ಆದರೆ ಪೊರ್ಬುಗಳು ಅದನ್ನು ಎರಡು ಸಲ ಹೇಳಿದ್ದಾರೆ, ಬಾಯಿ ಒಂದು ಸಲ. ಮೂರೂ ಕೂಡಿದರೆ ಇಷ್ಟು. ಚಂದ್ರಶೇಖರ್ ಲಕೋಟೆ ಹಿಡಿದು ಬಂದ. ಮುಖ ಸಣ್ಣಗಾಗಿತ್ತು. ಅವನು ಸಂಜೆ ಮೂರು ಕಟ್ಟಡ ಸುತ್ತುವವನು, ಅವನಿಗೂ ಬಿಡುವಿಲ್ಲ.

“ಆಂಟಿ, ಇದು...”

“ಮೊದಲು ತಿನ್ನಿ,” ಎಂದು ಬಾಯಿ ಡಬ್ಬಿ ಮುಂದೆ ಹಿಡಿದರು. “ಕಾಗದ ತಣಿಯುದಿಲ್ಲ.”

“ಬೇಡ ಆಂಟಿ, ಹೇಗ್ ತಿನ್ಲಿ ನಾನು?”

“ಬಾಯಿಯಿಂದ.”

ತಿಂದ. ನಿಂತುಕೊಂಡೇ ಎರಡು ತಿಂದ. ಅದನ್ನು ನಾನು ಕಂಡಿದ್ದೇನೆ. ತಿಂದು ಕೈ ಒರೆಸಿಕೊಂಡು ಲಕೋಟೆ ಕೊಟ್ಟ. ಬಾಯಿ ಅದನ್ನು ಬಿಡಿಸದೆ ಡಬ್ಬಿಯ ಅಡಿಗೆ ಇಟ್ಟರು. “ಇನ್ನು ನಾಲ್ಕು ನಿಮಿಷ ಉಂಟು,” ಎಂದು ಗೋಡೆಯ ಮೇಲೆ ಕೂತೇ ಇದ್ದರು. ಪೊರ್ಬುಗಳು ವಾಚು ನೋಡಿ ಸಮಯವಾಯಿತು ಎಂದ ಮೇಲೆಯೇ ಎದ್ದದ್ದು.

ಅಷ್ಟಾದ ಮೇಲೆ ಮನೆಗೆ ಹೋಗಬಹುದಿತ್ತಲ್ಲ? ಇಲ್ಲ. ಮೇಲೆ ಬಂದು ಉಳಿದ ಮೇಜುಗಳನ್ನೆಲ್ಲ ಎಂಟರವರೆಗೆ ಒರೆಸಿದರು. ನನ್ನ ಹತ್ತಿರ ಬಂದಾಗ ನಾನು ಬಕೆಟ್ಟು ನೋಡುತ್ತಿದ್ದೆ.

“ಅಕ್ಕ, ಆ ಮೂಲೆಯ ಮೇಜಿನವ ಚೂಯಿಂಗ್ ಗಮ್ ಅಡಿಯಲ್ಲಿ ಅಂಟಿಸ್ತಾನೆ. ನಾಳೆಯಿಂದ ನೀವು ನೋಡಿಕೊಳ್ಳಿ,” ಎಂದು ಕಾಗದದಲ್ಲಿ ಸುತ್ತಿದ ಒಂದು ಉಂಡೊ ನನ್ನ ಏಪ್ರನ್ನಿನ ಕಿಸೆಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮನೆಗೆ ಹೋಗಿ ಅದನ್ನು ತಿಂದೆ. ತಣ್ಣಗೆ, ರಬ್ಬರಿನ ಹಾಗೆ. ಜಗಿದು ಜಗಿದು ದವಡೆ ನೋಯಿತು. ಇದು ನನಗೆ ಸರಿ ಎಂದುಕೊಂಡೆ.

ಮರುದಿನ ಶುಕ್ರವಾರ. ಆರೂವರೆಗೆ ಕಣ್ಣು ತಾನಾಗಿ ಕಿಟಕಿಗೆ ಹೋಯಿತು. ಗೋಡೆ ಬರಿದು. ಆದರೆ ಗೋಡೆಯಿಂದ ಆಚೆ, ರಸ್ತೆಯ ಬದಿಯ ಬೆಂಚಿನಲ್ಲಿ, ಇಗರ್ಜಿಗೆ ಹಾಕುವ ಕೋಟು ಹಾಕಿಕೊಂಡು ಬಾಯಿ ಕೂತಿದ್ದರು. ಪಕ್ಕದಲ್ಲಿ ಪೊರ್ಬುಗಳು. ನಡುವೆ ಡಬ್ಬಿ. ಸ್ವೆಟರು ಬಿಚ್ಚಿತ್ತು, ಆವಿ ಏಳುತ್ತಿತ್ತು. ರಸ್ತೆ ಕೌನ್ಸಿಲ್ಲಿನದು. ಅಲ್ಲಿ ಉಂಡೊ ತಿನ್ನಬೇಡ ಎನ್ನಲು ಯಾವ ಕಂಪನಿಗೂ ಬಾಯಿಲ್ಲ.

ನನ್ನ ಹಿಂದೆ ಟಣ್ ಎಂದು ಸದ್ದಾಯಿತು. ಲುಸ್ ಬಕೆಟ್ಟು ನೆಲಕ್ಕೆ ಇಟ್ಟಿದ್ದಳು. ಎಲ್ಲರಿಗಿಂತ ಹೆಚ್ಚು ಹೆದರಬೇಕಾಗಿದ್ದವಳು. ಕೈಗವಸು ಕಳಚಿ, ನನ್ನನ್ನು ನೋಡಿ, “ಕೋಲ್ಡ್ ನೋ ಗುಡ್, ಸೆನ್ಯೋರ,” ಎಂದಳು. “ವಾಮೋಸ್.” ಆ ಮಾತಿನ ಅರ್ಥವನ್ನು ಯಾರಲ್ಲೂ ಕೇಳಬೇಕಾಗಲಿಲ್ಲ. ಅವಳು ಮೆಟ್ಟಿಲು ಇಳಿದಳು, ಹಿಂದೆ ನಾನು. ಮೂರನೇ ಮಾಳಿಗೆಯಲ್ಲಿ ಘಾನಾದವರು ನಮ್ಮನ್ನು ಕಂಡು ಕೈಯಲ್ಲಿದ್ದದ್ದನ್ನು ಬಿಟ್ಟು ಸೇರಿಕೊಂಡರು. ಕೆಳಗೆ ಜಗದೇವಪ್ಪ ಆಗಲೇ ಬಾಗಿಲು ಹಿಡಿದು ನಿಂತಿದ್ದ. “ಲಗೂ ಬರ್ರೀ ಅಕ್ಕೋರ, ಎಟ್ಟೊತ್ತು ಕಾಯಬೇಕು ನಿಮ್ಮ ಸಲುವಾಗಿ!” ಎಂದು ನನಗೇ ಗದರಿದ.

ಬಾಯಿ ನಮ್ಮನ್ನು ನೋಡಿದರು. ಸರಿದು ಜಾಗ ಮಾಡಿದರು.

ನಾಲ್ಕನೇ ನಿಮಿಷಕ್ಕೆ ಚಂದ್ರಶೇಖರ್ ಓಡಿ ಬಂದ. ಬೆರಳು ಎಣಿಸಿದ. “ಐದು ಜನಕ್ಕೂ ಲೆಟರ್ ಕೊಡ್ಬೇಕೇನ್ರೀ ನಾನು?”

“ಕೊಡ್ರಿ ಸಾಹೇಬ್ರ,” ಎಂದ ಜಗದೇವಪ್ಪ, ಬಾಯಿ ತುಂಬ ಉಂಡೊ. “ಸೋಮವಾರ ಐದೂ ಮಾಳಿಗಿ ನೀವ ಒರಸ್ರಿ. ಬಕೀಟು ಎಲ್ಲಿ ಅದಾವ ಗೊತ್ತೈತಲ್ಲ?”

ನನ್ನ ಬಾಯಿಂದಲೂ ಮಾತು ಬಂತು. ಹೇಗೆ ಬಂತೋ ಗೊತ್ತಿಲ್ಲ. “ಮಗಾ, ಮೂಲೆಯ ಮೇಜಿನ ಅಡಿಯ ಚೂಯಿಂಗ್ ಗಮ್ಮನ್ನು ಚಾಕುವಿನಿಂದ ಕೆರೆಯಬೇಕಾಗ್ತದೆ.”

ಅವನು ತಲೆ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಅದೇ ಕೈಯನ್ನು ಡಬ್ಬಿಗೆ ಹಾಕಿದ.

ಸೋಮವಾರ ಹೊಸ ಪಾಳಿಯ ಪಟ್ಟಿ ನೋಟೀಸು ಬೋರ್ಡಿಗೆ ಬಂತು. ಲುಸ್ ಅದರ ಒಂದು ಸಾಲಿನ ಮೇಲೆ ಬೆರಳಿಟ್ಟಳು, ಜಗದೇವಪ್ಪ ಓದಿ ಹೇಳಿದ: ಆರೂವರೆಯಿಂದ ಆರು ನಲವತ್ತು, ಹೊರಗಿನ ಕಸದ ಡಬ್ಬಿಗಳ ಪರಿಶೀಲನೆ, ಎಲ್ಲ ಕೆಲಸಗಾರರು. ಚಂದ್ರಶೇಖರ್ ಮೇಲಿನವರಿಗೆ ಏನು ಹೇಳಿದನೋ, ನಾವು ಕೇಳಲಿಲ್ಲ.

ಬಾಯಿಗೆ ಕೆಲಸ ವಾಪಸು ಬರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳ ನಂತರ ಕಂಪನಿಯೇ ಕರೆಯಿತು, ಅವರ ಮಾಳಿಗೆಯನ್ನು ಅವರ ಹಾಗೆ ಒರೆಸುವವರು ಸಿಗಲಿಲ್ಲವಂತೆ. ಹೇಳಲು ಚಂದ್ರಶೇಖರನೇ ಬೆಂಚಿಗೆ ಬಂದಿದ್ದ.

“ಒಂದು ತಪ್ಪೊಪ್ಪಿಗೆ ಲೆಟರ್ ಬರ್ದುಕೊಟ್ರೆ ಸಾಕು ಆಂಟಿ. ಎರಡೇ ಸಾಲು.”

“ತಪ್ಪು ಯಾವುದು? ಅದು ಹೇಳಿ, ಬರೀತೇನೆ.”

ಅವನು ಹೇಳಲಿಲ್ಲ. ಬಾಯಿ ಬರೆಯಲಿಲ್ಲ. ಒಂದು ಶಾಲೆಯಲ್ಲಿ ಬೆಳಗಿನ ಕೆಲಸ ಹಿಡಿದರು. ಸಂಜೆ ಆರು ಒಂಬತ್ತರ ಟ್ರಾಮಿನಲ್ಲಿ ಗಂಡಹೆಂಡಿರು ಡಬ್ಬಿ ಹಿಡಿದು ಬರುವುದು ಮಾತ್ರ ನಿಲ್ಲಲಿಲ್ಲ, ಎರಡು ಸಾವಿರದ ಎಂಟರಲ್ಲಿ ಆ ಕಟ್ಟಡ ಮುಚ್ಚುವವರೆಗೆ. ಲುಸ್‌ಗೆ ಅಷ್ಟರಲ್ಲಿ ಕಾಗದಪತ್ರ ಸಿಕ್ಕಿತ್ತು. ಅವಳೇ ಕೆಲವು ದಿನ ರೇಗಿಸುತ್ತಿದ್ದಳು, ‘ಗೆರ್ಟ್ರೂಡಿಸ್, ಇವತ್ತು ಉಪ್ಪು ಕಡಿಮೆ.’

ಕೊನೆಯ ತಿಂಗಳಲ್ಲಿ ಚಂದ್ರಶೇಖರ್ ಹೋಗಿ ಹೊಸಬ ಒಬ್ಬ ಸೂಪರ್‌ವೈಸರ್ ಆಗಿದ್ದ. ಬಿಳಿಯ, ಬಹಳ ಚುರುಕು. ಪಟ್ಟಿ ಓದಿ ಹೊರಗೆ ಬಂದ. ಬೆಂಚಿನಲ್ಲಿ, ಗೋಡೆಯ ಮೇಲೆ ನಾವು ಐವರು, ಜೊತೆಗೆ ಪಟ್ಟಿಯಲ್ಲಿಲ್ಲದ ಇಬ್ಬರು ಮುದುಕರು. ಕಸದ ಡಬ್ಬಿ ನೋಡಲು ಇಷ್ಟು ಜನ ಯಾಕೆ ಎಂದು ಕೇಳಿದ.

ಲುಸ್ ಬಾಯಿಯ ಬಿಸ್ಕತ್ತು ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು.

“ವೆರಿ ಇಂಪಾರ್ಟೆಂಟ್ ಡಬ್ಬಿ,” ಎಂದಳು.

ಪೊರ್ಬುಗಳು ವಾಚು ನೋಡಿದರು. “ಇನ್ನೂ ಆರು ನಿಮಿಷ ಉಂಟು,” ಎಂದರು.